ಮಿಸ್ ಬರೆದದ್ದು ತಪ್ಪಾ ಅಮ್ಮಾ?

ಮಗಳು ನಾಲ್ಕನೇ ತರಗತಿಯಲ್ಲಿದ್ದಾಗಿನ ಮಾತು. ಸಂಜೆ ಶಾಲೆಯಿಂದ ಬಂದವಳೇ ಬ್ಯಾಗು ಕೆಳಗಿಡುವ ಮೊದಲೇ ಕನ್ನಡ ನೋಟ್‌ಬುಕ್ ಬಿಡಿಸಿ ನನ್ನ ಮುಂದೆ ಹಿಡಿದಳು. ಅವಳು ಬರೆದ ಪ್ರಬಂಧದ ಕೆಳಗೆ ಮಿಸ್ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಉತ್ತಮ ವಿಧ್ಯಾರ್ಥಿನಿ. ಅಕ್ಷರ ಮುದ್ದಾಗಿದೆ.' ಪತ್ರಿಕೆಯೊಂದರಲ್ಲಿ ಹನ್ನೆರಡು ವರ್ಷ ಕರಡು ತಿದ್ದಿದವಳು ನಾನು. ನನ್ನ ಕಣ್ಣು 'ಉತ್ತಮ'ವನ್ನು ದಾಟಿ ನೇರ 'ಧ್ಯಾ' ಮೇಲೆ ಹೋಗಿ ನಿಂತಿತು. ಕೈಯಲ್ಲಿದ್ದ ಪೆನ್ನಿನಿಂದ ಅದನ್ನು ಹೊಡೆದು ಮೇಲೆ 'ದ್ಯಾ' ಎಂದು ಬರೆದೆ. ಮಗಳು ಸುಮ್ಮನೆ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು, 'ಮಿಸ್ ಬರೆದದ್ದು ತಪ್ಪಾ ಅಮ್ಮಾ?' ಎಂದಳು. 'ಹೂಂ' ಅಂದು ಅಡುಗೆಮನೆಗೆ ಹೋದೆ.

ಮರುದಿನ ಬೆಳಗ್ಗೆ ಬ್ಯಾಗು ಜೋಡಿಸುವಾಗ ನೋಡಿದರೆ ಆ ಸಾಲಿನ ಮೇಲೆ ಚಿಟ್ಟೆಯ ಸ್ಟಿಕರ್‌ಗಳು. ಒಂದರ ಪಕ್ಕ ಒಂದು, ಮೂರು ಚಿಟ್ಟೆ. ನಾನು ಗೀಟು ಹಾಕಿದ್ದು ಮಿಸ್‌ಗೆ ಕಾಣಬಾರದೆಂದು, ಮಿಸ್ ಕೊಟ್ಟ ಮೆಚ್ಚುಗೆಯನ್ನೇ ಅವಳು ಮುಚ್ಚಿಬಿಟ್ಟಿದ್ದಳು.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಗೆಳತಿಯರ ಜೊತೆ, ಪರಿಚಯದ ಶಿಕ್ಷಕಿಯರ ಜೊತೆ, ಶಾಲೆಯ ಗೇಟಿನ ಬಳಿ ಕಾಯುವ ಇತರ ತಂದೆತಾಯಿಯರ ಜೊತೆ ಮಾತಾಡಿದ್ದೇನೆ. ಎಲ್ಲರ ಮನೆಯಲ್ಲೂ ಇಂಥದ್ದೊಂದು ನೋಟ್‌ಬುಕ್ ಇದೆ. ಕೆಲವರು ನೋಡಿಯೂ ನೋಡದಂತೆ ಇದ್ದುಬಿಡುತ್ತಾರೆ, ಕೆಲವರು ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಎರಡರಿಂದಲೂ ಮಗುವಿಗೆ ನಷ್ಟವೇ. ಪದವೂ ಸರಿಯಾಗಬೇಕು, ಮಗುವಿಗೆ ಮಿಸ್ ಮೇಲಿರುವ ಪ್ರೀತಿಯೂ ಹಾಗೇ ಇರಬೇಕು. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಆಗುತ್ತದೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ.

ಮೊದಲು ನಿಘಂಟು, ಆಮೇಲೆ ಮಾತು

ತಪ್ಪು ಕಂಡ ತಕ್ಷಣ ಮಾಡಬೇಕಾದ ಕೆಲಸ, ಅದು ನಿಜವಾಗಿ ತಪ್ಪೇ ಎಂದು ನೋಡುವುದು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಶಿಕ್ಷಕರ ಮೇಲೆ ಬರುವ ದೂರುಗಳಲ್ಲಿ ಶಿಕ್ಷಕರೇ ಸರಿಯಿದ್ದ ಪ್ರಸಂಗಗಳನ್ನು ಬೇಕಾದಷ್ಟು ಕೇಳಿದ್ದೇನೆ. ನಮ್ಮ ಬಾಯಲ್ಲಿ ಬರುವುದು 'ಬ್ರಮ್ಹ', 'ಚಿನ್ಹೆ', 'ಮಧ್ಯಾನ್ಹ'. ಬರವಣಿಗೆಯಲ್ಲಿ ಹಕಾರ ಮೊದಲು ಬರುತ್ತದೆ: ಬ್ರಹ್ಮ, ಚಿಹ್ನೆ, ಮಧ್ಯಾಹ್ನ. ಮಿಸ್ 'ಚಿಹ್ನೆ' ಎಂದು ಬರೆಸಿದ್ದನ್ನು ತಪ್ಪೆಂದು ತಿಳಿದು ಮನೆಯಲ್ಲಿ ತಿದ್ದಿಸಿದ ಅಪ್ಪಂದಿರಿದ್ದಾರೆ.

ಇನ್ನು ಕೆಲವು ಪದಗಳಿಗೆ ಎರಡು ರೂಪ ಚಾಲ್ತಿಯಲ್ಲಿದೆ. ತತ್ವ ಎಂದು ಬರೆಯುವವರಿದ್ದಾರೆ, ಸಂಸ್ಕೃತದ ಮೂಲ ರೂಪಕ್ಕೆ ನಿಷ್ಠರಾಗಿ ತತ್ತ್ವ ಎಂದು ಬರೆಯುವವರಿದ್ದಾರೆ. ಮಹತ್ವ–ಮಹತ್ತ್ವ, ಉಜ್ವಲ–ಉಜ್ಜ್ವಲ ಕೂಡ ಹೀಗೆಯೇ. ವರ್ಷ, ವರುಷ ಎರಡೂ ಕನ್ನಡವೇ. ಇಂಗ್ಲಿಷ್ ನೋಟ್‌ಬುಕ್ಕಿನಲ್ಲೂ ಇದೇ ಕಥೆ. 'ಕಲರ್' ಪದದಲ್ಲಿ 'ಯು' ಅಕ್ಷರ ಇದ್ದರೆ ಅದು ಬ್ರಿಟಿಷ್ ರೂಢಿ, ಇಲ್ಲದಿದ್ದರೆ ಅಮೆರಿಕದ್ದು. ಕಂಪ್ಯೂಟರಿನಲ್ಲಿ ಕೆಲಸ ಮಾಡುವ ಅಮ್ಮನ ಪರದೆಯಲ್ಲಿ 'ಯು' ಇರುವ ರೂಪದ ಕೆಳಗೆ ಕೆಂಪು ಗೆರೆ ಮೂಡಿದರೆ ಅದು ಶಿಕ್ಷಕಿಯ ತಪ್ಪಿಗೆ ಸಾಕ್ಷಿಯಲ್ಲ.

ಒಂದನೇ ತರಗತಿಗೆ ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸಿದವರಿಗೆ ಇನ್ನೊಂದು ಗಾಬರಿ ಕಾದಿರುತ್ತದೆ. ಮಗು ಮನೆಗೆ ಬಂದು ಅ, ಆ, ಇ, ಈ ಹೇಳುವ ಬದಲು ರ, ಗ, ಸ, ದ, ಅ ಎನ್ನುತ್ತದೆ. ಮೇಷ್ಟ್ರಿಗೆ ವರ್ಣಮಾಲೆಯೇ ಬರುವುದಿಲ್ಲವೇ ಎಂದು ಕೇಳಿದ ಅಜ್ಜನೊಬ್ಬರನ್ನು ನಾನು ಬಲ್ಲೆ. ಅದು ನಲಿ ಕಲಿ ಕ್ರಮ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್‌.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯವಿಡೀ ಹಬ್ಬಿದ ಪದ್ಧತಿ. ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರವಿರುವ ಅಕ್ಷರಗಳನ್ನು ಮೊದಲು ಕಲಿಸಿ, ಆ ಕೆಲವೇ ಅಕ್ಷರಗಳಿಂದ ಪದ ಕಟ್ಟಿಸುತ್ತಾರೆ.

ಪರೀಕ್ಷಿಸಲು ಎಲ್ಲಿ ನೋಡಬೇಕು? ಮೊದಲು ಪಠ್ಯಪುಸ್ತಕ. ಅಲ್ಲೂ ಒಮ್ಮೊಮ್ಮೆ ಅಚ್ಚಿನ ತಪ್ಪು ನುಸುಳುವುದರಿಂದ ಅನುಮಾನವಿದ್ದರೆ ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಮನೆಗೆ ಪರಿಷತ್ತಿನದೇ ಸಂಕ್ಷಿಪ್ತ ನಿಘಂಟು ಸಾಕು. ಫೋನಿನಲ್ಲೇ ನೋಡುವುದಾದರೆ ವಿ. ಕೃಷ್ಣ ಅವರು ಸಿದ್ಧಪಡಿಸಿದ 'ಅಲರ್' ಇದೆ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ಹಲವು ಕೋಶಗಳಿವೆ. ಗೂಗಲ್‌ನಲ್ಲಿ ಹುಡುಕಿ, ಎಷ್ಟು ಜನ ಹಾಗೆ ಬರೆದಿದ್ದಾರೆ ಎಂದು ಎಣಿಸಬೇಡಿ. 'ವಿಧ್ಯಾರ್ಥಿ' ಎಂದು ಹುಡುಕಿದರೂ ಪುಟಗಟ್ಟಲೆ ಸಿಗುತ್ತದೆ. ಫೋನಿನ ಕೀಲಿಮಣೆ ಸೂಚಿಸಿದ ಪದವನ್ನೂ ನಂಬಬೇಡಿ, ಬಹಳ ಸಲ ಅದು ಜನ ಟೈಪಿಸಿದ ತಪ್ಪನ್ನೇ ತಿರುಗಿ ನಮಗೆ ಕೊಡುತ್ತದೆ.

ಮತ್ತೊಂದು ಮಾತು. ನೋಟ್‌ಬುಕ್ಕಿನಲ್ಲಿರುವ ತಪ್ಪು ಬೋರ್ಡಿನದ್ದೇ ಎಂದು ಹೇಗೆ ಹೇಳುತ್ತೀರಿ? ಹಿಂದಿನ ಬೆಂಚಿನಲ್ಲಿ ಕೂತ ಮಗು ಅವಸರದಲ್ಲಿ ಕಾಪಿ ಮಾಡುವಾಗ ಒತ್ತಕ್ಷರ ಬಿಟ್ಟಿರಬಹುದು. ಪಕ್ಕದ ಮನೆಯ ಸಹಪಾಠಿಯ ಪುಸ್ತಕ ಒಮ್ಮೆ ನೋಡಿ. ಇಬ್ಬರಲ್ಲೂ ಒಂದೇ ತಪ್ಪಿದ್ದರೆ ಮಾತ್ರ ಮುಂದಿನ ಹೆಜ್ಜೆ. ಬೋರ್ಡು ನೋಡಿ ಬರೆಯುವಾಗ ಮಾತ್ರ ತಪ್ಪುವ ಮಗುವಿಗೆ ಕಣ್ಣಿನ ಪರೀಕ್ಷೆ ಮಾಡಿಸಬೇಕಾಗಿ ಬರುವುದೂ ಉಂಟು.

ಶಿಕ್ಷಕರ ಕೈ ಎಲ್ಲಿ ತಪ್ಪುತ್ತದೆ

ತಪ್ಪು ಎಲ್ಲಿಂದ ಬಂತೆಂದು ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ, ಅದನ್ನು ಹೇಗೆ ಹೇಳಬೇಕೆಂಬುದೂ ಹೊಳೆಯುತ್ತದೆ. ಕನ್ನಡದ 10 ಮಹಾಪ್ರಾಣ ಅಕ್ಷರಗಳನ್ನು ದಿನದ ಮಾತಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಸ್ಪಷ್ಟವಾಗಿ ಉಚ್ಚರಿಸುವುದಿಲ್ಲ. ಕಿವಿ ನೆರವಿಗೆ ಬಾರದಿದ್ದಾಗ ಕೈ ಊಹಿಸುತ್ತದೆ. 'ವಿದ್ಯಾರ್ಥಿ' ದೊಡ್ಡ ಪದ, ಓದಿದವರ ಪದ ಅನ್ನಿಸಿ ಎರಡು ಕಡೆ ಹೊಟ್ಟೆ ಸೀಳಿಬಿಡುತ್ತಾರೆ. ಅಲ್ಲಿ ಮಹಾಪ್ರಾಣ ಒಂದೇ, ಕೊನೆಯ ಥಕಾರ. ಶ, ಷ ವ್ಯತ್ಯಾಸವೂ ಮಾತಿನಲ್ಲಿ ಉಳಿದಿಲ್ಲ. ಹಾಗಾಗಿ 'ಶುಭಾಷಯ' ಎಲ್ಲ ಬ್ಯಾನರುಗಳ ಮೇಲೂ ನಗುತ್ತಿರುತ್ತದೆ.

ಅರ್ಕಾವತ್ತಿನ ತೊಂದರೆ ಬೇರೆ ತರಹದ್ದು. ಅದನ್ನು ಬಾಯಿ ಮೊದಲು ಹೇಳುತ್ತದೆ, ಕೈ ಆಮೇಲೆ ಬರೆಯುತ್ತದೆ. 'ಆಶೀರ್ವಾದ'ದಲ್ಲಿ ರಕಾರದ ಉಚ್ಚಾರ 'ವಾ'ಕ್ಕಿಂತ ಮುಂಚೆ, ಅದರ ಚಿಹ್ನೆ 'ವಾ' ಬರೆದ ಮೇಲೆ. ಈ ಹಿಂದುಮುಂದಿನಲ್ಲಿ ಲೆಕ್ಕ ತಪ್ಪಿದವರು ಚಿಹ್ನೆಯನ್ನು 'ಶೀ' ಪಕ್ಕದಲ್ಲಿಟ್ಟು 'ಆರ್ಶೀವಾದ' ಎಂದು ಮಾಡುತ್ತಾರೆ. ಮದುವೆಯ ಕರೆಯೋಲೆಯಲ್ಲಿ, ಬೀಳ್ಕೊಡುಗೆಯ ಫಲಕದಲ್ಲಿ ಇದನ್ನು ನೋಡಿ ನೋಡಿ ಕಣ್ಣು ಒಗ್ಗಿಹೋಗಿದೆ. ಕಂಪ್ಯೂಟರಿನಲ್ಲಿ ಇನ್ನೂ ವಿಚಿತ್ರ. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಅಂಕಿಯನ್ನು, ಸೊನ್ನೆಯ ಜಾಗದಲ್ಲಿ ಇಂಗ್ಲಿಷ್ ಶೂನ್ಯವನ್ನು ಒತ್ತಿ ಪ್ರಶ್ನೆಪತ್ರಿಕೆ ತಯಾರಾಗುತ್ತದೆ. ಹಳೆಯ 'ನುಡಿ' ತಂತ್ರಾಂಶದ ಕಡತವನ್ನು ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅಚ್ಚಾದ ಪ್ರಶ್ನೆಪತ್ರಿಕೆಯಲ್ಲಿ ಕಂಡ ತಪ್ಪನ್ನು ಶಿಕ್ಷಕರ ತಲೆಗೆ ಕಟ್ಟುವ ಮುನ್ನ ಇದನ್ನು ನೆನಪಿಡಬೇಕು.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಒಂದು ಸಂಶೋಧನೆ. ಲ್ಯಾರಿ ಜಾಕೊಬಿ ಮತ್ತು ಆ್ಯನ್ ಹಾಲಿಂಗ್ಸ್‌ಹೆಡ್ ಎಂಬ ಮನಶ್ಶಾಸ್ತ್ರಜ್ಞರು 1990ರಲ್ಲಿ ಪ್ರಕಟಿಸಿದ್ದು. ತಪ್ಪು ಕಾಗುಣಿತದ ಪದವನ್ನು ಓದಿದವರು ಆಮೇಲೆ ಅದೇ ಪದವನ್ನು ಬರೆಯುವಾಗ ಎಡವುವುದು ಹೆಚ್ಚಾಯಿತು ಎಂದು ಅವರು ಕಂಡುಕೊಂಡರು. ವಿದ್ಯಾರ್ಥಿಗಳ ಪ್ರಬಂಧ ಓದುವುದು ನಿಮ್ಮ ಕಾಗುಣಿತಕ್ಕೆ ಅಪಾಯ ಎಂಬ ಅರ್ಥದ ಶೀರ್ಷಿಕೆಯನ್ನೇ ಆ ಪ್ರಬಂಧಕ್ಕೆ ಕೊಟ್ಟರು. ದಿನಕ್ಕೆ ನಲವತ್ತು ನೋಟ್‌ಬುಕ್ ತಿದ್ದುವ ಶಿಕ್ಷಕಿಯನ್ನು ನೆನೆಯಿರಿ. 'ಅದ್ಯಕ್ಷ', 'ಪ್ರಾರ್ತನೆ', 'ಹ್ರುದಯ' ಎಲ್ಲ ಅವರ ಕಣ್ಣ ಮುಂದೆ ವರ್ಷಗಟ್ಟಲೆ ಹಾದುಹೋಗುತ್ತವೆ. ನಮ್ಮ ಮಕ್ಕಳ ತಪ್ಪುಗಳೇ ಅವರಿಗೆ ಅಂಟಿಕೊಂಡಿರಬಹುದು.

ಕೆಲಸದ ಹೊರೆಯನ್ನೂ ಸೇರಿಸಿಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಐದು ತರಗತಿ, ಇಬ್ಬರೇ ಶಿಕ್ಷಕರು. ಗಣಿತ, ಪರಿಸರ ಅಧ್ಯಯನ, ಕನ್ನಡ ಎಲ್ಲವನ್ನೂ ಅವರೇ ಕಲಿಸಬೇಕು. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ ಆಡುವ, ಕನ್ನಡವನ್ನು ಶಾಲೆಯಲ್ಲೇ ಕಲಿತ ಶಿಕ್ಷಕರೂ ಇದ್ದಾರೆ. ಅವರಲ್ಲಿ ಹಲವರು ನಮಗಿಂತ ಶುದ್ಧವಾಗಿ ಬರೆಯುತ್ತಾರೆ ಎಂಬುದನ್ನೂ ಹೇಳಬೇಕು.

ಇಲ್ಲೊಂದು ಗೆರೆ ಎಳೆಯುವುದು ಅಗತ್ಯ. ಉಚ್ಚಾರ ಬೇರೆ, ಬರಹ ಬೇರೆ. ಹಳೇ ಮೈಸೂರು ಸೀಮೆಯ ಹಲವು ಕಡೆ ಮಾತಿನಲ್ಲಿ ಹಕಾರ ಉದುರುತ್ತದೆ, 'ಹಾಲು' 'ಆಲು' ಆಗುತ್ತದೆ. ಬೋರ್ಡಿನ ಮೇಲೆ 'ಹಾಲು' ಎಂದೇ ಬರೆಯುವ ಮೇಷ್ಟ್ರು ಮಾತಿನಲ್ಲಿ 'ಆಲು' ಅಂದರೆ ಅದು ದೂರಿನ ವಿಷಯವಾಗಬಾರದು. ಅದನ್ನು ಮನೆಯಲ್ಲಿ ಅಣಕಿಸಿ ನಗುವುದನ್ನು ನಾನು ಕಂಡಿದ್ದೇನೆ, ಕಂಡಾಗಲೆಲ್ಲ ಸಂಕಟವಾಗಿದೆ. ನಾವು ನಕ್ಕದ್ದು ಒಬ್ಬ ಶಿಕ್ಷಕರ ಮೇಲಲ್ಲ, ಅವರ ತಾಯಿ ಆಡಿದ ಕನ್ನಡದ ಮೇಲೆ. ಮಹಾಪ್ರಾಣಗಳೇ ಕನ್ನಡಕ್ಕೆ ಬೇಡ, ಆಡುವಂತೆ ಬರೆಯೋಣ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ಟರು ಪುಸ್ತಕಗಳನ್ನೇ ಬರೆದಿದ್ದಾರೆ. ಆ ವಾದವನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಆದರೆ ಪರೀಕ್ಷೆಯಲ್ಲಿ ಅಂಕ ಬೀಳುವುದು ಇವತ್ತಿನ ರೂಢಿಯ ಬರಹಕ್ಕೆ. ಹಾಗಾಗಿ ಮಗುವಿಗೆ ಈ ರೂಢಿ ಗೊತ್ತಿರಬೇಕು.

ಎಲ್ಲ ತಪ್ಪೂ ಒಂದೇ ತೂಕದ್ದಲ್ಲ

ರಾತ್ರಿ ಒಂಬತ್ತಕ್ಕೆ ಮಿಸ್ ಫೋನಿನಿಂದ ಕಳಿಸಿದ ಸಂದೇಶದಲ್ಲಿ 'ನಾಳೆ' ಹೋಗಿ 'ನಾಲೆ' ಆಗಿದ್ದರೆ ಬಿಟ್ಟುಬಿಡಿ. ಅವರೂ ಮನೆಯ ಕೆಲಸದ ನಡುವೆ ಟೈಪಿಸಿದ್ದಾರೆ. ಪರೀಕ್ಷೆಯ ದಿನಾಂಕ, ಹೊತ್ತು ಗೊಂದಲವಾಗಿದ್ದರೆ ಮಾತ್ರ ಕೇಳಿ. ಒಂದು ಪುಟದಲ್ಲಿ ಒಮ್ಮೆ ಕೈತಪ್ಪಿದ್ದು, ಅದೇ ಪದ ಬೇರೆಡೆ ಸರಿಯಾಗಿದ್ದರೆ ಅದೂ ಲೆಕ್ಕಕ್ಕಿಲ್ಲ.

ಒಂದೇ ಪದ ಪ್ರತಿ ಸಲವೂ ಹಾಗೇ ಬರುತ್ತಿದೆ ಎಂದರೆ ಶಿಕ್ಷಕರಿಗೆ ಅದು ತಪ್ಪೆಂದು ಗೊತ್ತಿಲ್ಲ. ಅದನ್ನು ತಿಳಿಸಬೇಕು, ಆದರೆ ಆತುರವಿಲ್ಲ. ಮುಂದಿನ ಪೋಷಕರ ಸಭೆಯವರೆಗೆ ಕಾಯಬಹುದು.

ತಡಮಾಡಬಾರದ್ದು ಎರಡು ಸಂದರ್ಭಗಳಲ್ಲಿ. ಮೊದಲನೆಯದು, ಉಕ್ತಲೇಖನಕ್ಕೆ ಕಲಿಯಲು ಕೊಟ್ಟ ಪದಪಟ್ಟಿಯಲ್ಲೇ ತಪ್ಪಿದ್ದಾಗ. ಮೂವತ್ತು ಮಕ್ಕಳು ಆ ಪದವನ್ನು ಹತ್ತು ಹತ್ತು ಸಲ ಬರೆಯುತ್ತಾರೆ. ಅಷ್ಟು ಸಲ ಬರೆದ ಮೇಲೆ ಅದು ಕೈಯೊಳಗೆ ಇಳಿದಿರುತ್ತದೆ. ಎರಡನೆಯದು, ಮಗು ಸರಿಯಾಗಿ ಬರೆದದ್ದಕ್ಕೆ ತಪ್ಪು ಗುರುತು ಬಿದ್ದಾಗ. 'ಜಾತ್ಯತೀತ' ಎಂದು ಬರೆದ ಹುಡುಗನ ಉತ್ತರವನ್ನು 'ಜಾತ್ಯಾತೀತ' ಎಂದು ತಿದ್ದಿ ಅರ್ಧ ಅಂಕ ಕಳೆದ ಪುಸ್ತಕವನ್ನು ನಾನೇ ನೋಡಿದ್ದೇನೆ. ಅರ್ಧ ಅಂಕ ದೊಡ್ಡದಲ್ಲ. ಸರಿ ಬರೆದರೂ ಸೋಲಬಹುದು ಎಂದು ಹನ್ನೊಂದು ವರ್ಷದ ಹುಡುಗ ತಿಳಿದುಕೊಂಡದ್ದು ದೊಡ್ಡದು. ಅರ್ಥವೇ ಕೆಡುವ ತಪ್ಪುಗಳನ್ನೂ ಇದೇ ಸಾಲಿಗೆ ಸೇರಿಸುತ್ತೇನೆ: ಧನದ ಬದಲು ದನ, ಮಧ್ಯದ ಬದಲು ಮದ್ಯ, ಹಳ್ಳಿಯ ಬದಲು ಹಲ್ಲಿ, ಬೇಳೆಯ ಬದಲು ಬೆಳೆ.

ಮಗುವಿಗೆ ಏನು ಹೇಳುವುದು

ನಿಜ ಹೇಳಬೇಕು. 'ಮಿಸ್ ಬರೆದದ್ದೇ ಸರಿ, ಹಾಗೇ ಬರಿ' ಎಂದು ಗೊತ್ತಿದ್ದೂ ಹೇಳುವುದು ಮಗುವಿಗೆ ಮಾಡುವ ಮೋಸ. ನಾಲ್ಕು ವರ್ಷ ಕಳೆದ ಮೇಲೆ ಅದಕ್ಕೆ ಸರಿಯಾದ ಪದ ಸಿಕ್ಕೇ ಸಿಗುತ್ತದೆ, ಆಗ ಮಿಸ್ ಜೊತೆಗೆ ಅಮ್ಮನ ಮಾತಿನ ಮೇಲೂ ಅನುಮಾನ ಬರುತ್ತದೆ. 'ನಿಮ್ಮ ಮಿಸ್‌ಗೆ ಏನೂ ಬರಲ್ಲ' ಎನ್ನುವುದು ಇನ್ನೂ ಕೆಟ್ಟದ್ದು. ದಿನಕ್ಕೆ ಆರು ಗಂಟೆ ಆ ಮಗು ಅವರ ಎದುರು ಕೂರಬೇಕು. ನಂಬಿಕೆ ಹೋದವರಿಂದ ಯಾವ ಮಗುವೂ ಕಲಿಯುವುದಿಲ್ಲ.

ಆರೇಳು ವರ್ಷದ ಮಗುವಿಗೆ ತಪ್ಪಿನ ಸುದ್ದಿಯನ್ನೇ ಎತ್ತುವ ಅಗತ್ಯವಿಲ್ಲ. ಸರಿಯಾದ ಪದವನ್ನು ಬೇರೆ ಹಾಳೆಯಲ್ಲಿ ದೊಡ್ಡದಾಗಿ ಬರೆದು ಓದಿಸಿ, ಒಂದೆರಡು ಸಲ ಬರೆಸಿ, ಸಾಕು. ಮಗುವೇ ಕೇಳಿದರೆ 'ಮಿಸ್ ಅವಸರದಲ್ಲಿ ಬರೆದಿದಾರೆ ಪುಟ್ಟಾ, ಇದು ಹೀಗೆ' ಎಂದರೆ ಅದಕ್ಕೆ ಸಮಾಧಾನವಾಗುತ್ತದೆ. ಒಂಬತ್ತು ಹತ್ತರ ಮಕ್ಕಳ ಜೊತೆ ನಿಘಂಟು ತೆರೆಯಿರಿ. ಆ ದಿನ ನನ್ನ ಮಗಳು ಕೇಳಿದ ಪ್ರಶ್ನೆಗೆ 'ಹೂಂ' ಎಂದು ಹೋಗುವ ಬದಲು ನಾನು ಹೀಗೆ ಹೇಳಬೇಕಿತ್ತು: 'ಬಾ, ನೋಡೋಣ. ವಿದ್ಯೆ, ವಿದ್ಯಾಲಯ, ವಿದ್ವಾಂಸ ಎಲ್ಲ ಒಂದೇ ಮನೆಯ ಪದಗಳು. ಎಲ್ಲದರಲ್ಲೂ ಸಾದಾ ದಕಾರವೇ ಇದೆ ನೋಡು. ವಿದ್ಯೆಯನ್ನು ಬಯಸಿ ಬಂದವಳು ವಿದ್ಯಾರ್ಥಿನಿ. ಈ ಪದದಲ್ಲಿ ತುಂಬ ಜನ ಎಡವುತ್ತಾರೆ, ಮಿಸ್‌ಗೂ ಹಾಗೇ ಆಗಿದೆ. ಆದರೆ ಅವರು ನಿನ್ನನ್ನು ಉತ್ತಮ ಅಂದಿದ್ದಾರಲ್ಲ, ಅದು ನಿಜವಾದ ಮಾತು.'

ಪ್ರೌಢಶಾಲೆಯ ಮಕ್ಕಳು ತಾವೇ ಶಿಕ್ಷಕರನ್ನು ಕೇಳಬಲ್ಲರು. ಪಾಠದ ನಡುವೆ ಎದ್ದು 'ಸರ್, ತಪ್ಪು' ಎನ್ನದೆ, ತರಗತಿ ಮುಗಿದ ಮೇಲೆ ಹೋಗಿ 'ಸರ್, ಇದಕ್ಕೆ ಅಲ್ಪಪ್ರಾಣನಾ ಮಹಾಪ್ರಾಣನಾ? ನಿಘಂಟಲ್ಲಿ ಹೀಗಿದೆ' ಎಂದು ಪುಸ್ತಕ ತೋರಿಸಲು ಹೇಳಿಕೊಡಿ. ಪದದ ಬಗ್ಗೆ ಸಂದೇಹ ಕೇಳುವುದು ನಮ್ಮಲ್ಲಿ ಗೌರವದ ಕೆಲಸವಾಗಿ ಬೆಳೆದಿದೆ. ಪ್ರೊ. ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಮಾಡಿದ್ದು ಓದುಗರ ಇಂಥ ಸಂದೇಹಗಳಿಗೆ ಉತ್ತರ ಕೊಡುವ ಕೆಲಸವನ್ನೇ. ಚಿಕ್ಕ ಮಕ್ಕಳ ಕೈಯಲ್ಲಿ ಮಾತ್ರ ಈ ಸಂದೇಶ ಕಳಿಸಬೇಡಿ. 'ನಮ್ಮಮ್ಮ ಹೇಳಿದ್ರು ನೀವು ಬರೆದದ್ದು ತಪ್ಪಂತೆ' ಎಂಬ ಮಾತನ್ನು ನಲವತ್ತು ಮಕ್ಕಳ ಮುಂದೆ ಕೇಳಿಸಿಕೊಂಡ ಶಿಕ್ಷಕಿಗೆ ತಿದ್ದಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ.

ಶಿಕ್ಷಕರ ಹತ್ತಿರ ಹೋದಾಗ

ಒಬ್ಬರೇ ಹೋಗಿ. ಬೆಳಗಿನ ಪ್ರಾರ್ಥನೆಯ ಗಡಿಬಿಡಿ ಬೇಡ, ಗೇಟಿನ ಬಳಿ ಇತರ ಪೋಷಕರ ಮುಂದೆ ಬೇಡ. ಸಂಜೆ ಮಕ್ಕಳು ಹೋದ ಮೇಲೆ ಐದು ನಿಮಿಷ ಕೇಳಿದರೆ ಯಾವ ಶಿಕ್ಷಕರೂ ಇಲ್ಲವೆನ್ನುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಪೋಷಕರನ್ನು ನಿಯಮಿತವಾಗಿ ಭೇಟಿಮಾಡಿ ಮಗುವಿನ ಹಾಜರಾತಿ, ಕಲಿಕೆ, ಪ್ರಗತಿಯ ಬಗ್ಗೆ ಮಾತಾಡುವುದು ಅವರ ಕರ್ತವ್ಯಗಳಲ್ಲಿ ಒಂದು. ಮಗುವಿನ ಕಲಿಕೆಯ ಮಾತಿನೊಳಗೇ ಈ ಪದದ ಮಾತೂ ಬರಲಿ.

ಗೊತ್ತಿದ್ದೂ ಗೊತ್ತಿಲ್ಲದವರಂತೆ ನಟಿಸಿ, 'ಮಿಸ್, ಇದು ಹೇಗೆ ಬರೆಯೋದು?' ಎಂದು ಕೇಳುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ನನಗದು ಸರಿಕಾಣುವುದಿಲ್ಲ. ಶಿಕ್ಷಕರು ದಡ್ಡರಲ್ಲ, ನಟನೆ ಅವರಿಗೆ ತಿಳಿಯುತ್ತದೆ. ನೇರವಾಗಿ, ಮೆದುವಾಗಿ ಹೇಳಿದರೆ ಸಾಕು. 'ಮೇಡಂ, ನೀವು ಬರೆದ ಮೆಚ್ಚುಗೆ ನೋಡಿ ಮಗಳು ತುಂಬ ಖುಷಿಪಟ್ಟಳು. ಒಂದು ಪದ ಮಾತ್ರ ಅವಳಿಗೆ ಗೊಂದಲ ಆಗಿದೆ. ಪಠ್ಯಪುಸ್ತಕದಲ್ಲಿ ಹೀಗಿದೆ, ನೋಟ್ಸಲ್ಲಿ ಹೀಗಿದೆ. ನಿಘಂಟು ನೋಡಿದೆ, ಪಠ್ಯದಲ್ಲಿರೋದೇ ಸರಿ. ಕ್ಲಾಸಲ್ಲಿ ಒಂದ್ಸಲ ಹೇಳಿಬಿಡ್ತೀರಾ?' ಇಷ್ಟರಲ್ಲಿ ಎಲ್ಲ ಇದೆ. ಉತ್ತರ ಕರ್ನಾಟಕದಲ್ಲಿ 'ಅಕ್ಕೋರೇ' ಅನ್ನುತ್ತೀರಿ, ಕರಾವಳಿಯಲ್ಲಿ 'ಟೀಚರ್' ಅನ್ನುತ್ತೀರಿ, ಮಾತಿನ ಧಾಟಿ ನಿಮ್ಮದೇ ಇರಲಿ. ಪಠ್ಯಪುಸ್ತಕದ ಪುಟವನ್ನು ಜೊತೆಗೆ ಒಯ್ಯಿರಿ. ಪುಸ್ತಕ ತೋರಿಸಿದರೆ ಅದು ಇಬ್ಬರು ಮನುಷ್ಯರ ನಡುವಿನ ಜಗಳವಾಗುವುದಿಲ್ಲ.

ಚಿಟ್ಟೆಯ ಸ್ಟಿಕರ್ ಕಂಡ ವಾರ ನಾನೂ ಹೋದೆ. ಮೊದಲು ಗೀಟು ಹಾಕಿದ್ದಕ್ಕೆ ಕ್ಷಮೆ ಕೇಳಿದೆ, ಆಮೇಲೆ ಪದದ ಮಾತು ತೆಗೆದೆ. ಆ ಶಿಕ್ಷಕಿಯ ಮುಖ ಸಣ್ಣದಾಯಿತು. 'ನಾವು ಕಲಿತದ್ದೇ ಹಾಗೆ' ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಹೋಗಬಾರದಿತ್ತೇನೋ ಅನ್ನಿಸಿತು. ಎರಡು ವಾರದ ನಂತರ ಬಂದ ಪ್ರಬಂಧದ ಕೆಳಗೆ 'ಜಾಣ ವಿದ್ಯಾರ್ಥಿನಿ' ಎಂದಿತ್ತು. ದಕಾರ ಸರಿಯಾಗಿತ್ತು. ಅದರ ಬಗ್ಗೆ ಅವರು ಮತ್ತೆ ಮಾತಾಡಲಿಲ್ಲ, ನಾನೂ ಆಡಲಿಲ್ಲ. ತಕ್ಷಣ ಒಪ್ಪಿಕೊಳ್ಳುವರೆಂದು ಕಾಯಬೇಡಿ, ಒಪ್ಪಿಗೆ ಪದದಲ್ಲಿ ಕಂಡರೆ ಸಾಕು.

ವಾಟ್ಸ್‌ಆ್ಯಪ್ ಗುಂಪಿಗೆ ನೋಟ್‌ಬುಕ್ಕಿನ ಫೋಟೊ ಹಾಕಲೇಬಾರದು. ಇದಕ್ಕೆ ವಿನಾಯಿತಿ ಇಲ್ಲ. ಕೆಂಪು ವೃತ್ತ ಹಾಕಿದ ಚಿತ್ರ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತಾ ಊರು ದಾಟುತ್ತದೆ. ಅಲ್ಲಿ ಯಾರೂ ಆ ಶಿಕ್ಷಕಿ ಒಂದನೇ ತರಗತಿಯ ಮಗುವಿಗೆ ಚಪ್ಪಲಿ ಹಾಕಿಕೊಟ್ಟದ್ದನ್ನು ನೋಡಿಲ್ಲ, ಜ್ವರ ಬಂದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡದ್ದನ್ನು ನೋಡಿಲ್ಲ. ಅವರಿಗೆ ಕಾಣುವುದು ಒಂದು ಒತ್ತಕ್ಷರ ಮಾತ್ರ. ಆ ಪುಸ್ತಕ ಯಾರದೆಂದು ಅಕ್ಷರ ನೋಡಿಯೇ ತರಗತಿಯ ಮಕ್ಕಳಿಗೆ ತಿಳಿಯುತ್ತದೆ, ಮರುದಿನ ಅದರ ಬಿಸಿ ನಿಮ್ಮ ಮಗುವಿಗೇ ತಟ್ಟುತ್ತದೆ.

ಹೊರದೇಶಗಳಲ್ಲಿ ವಾರಾಂತ್ಯಕ್ಕೆ ಕನ್ನಡ ಕಲಿಸುವ ಸ್ವಯಂಸೇವಕರ ವಿಷಯದಲ್ಲಿ ಇನ್ನಷ್ಟು ಉದಾರವಾಗಿರಬೇಕು. ಅವರು ಭಾಷೆಯ ಮೇಲಿನ ಪ್ರೀತಿಗೆ ರಜೆಯ ಬೆಳಗನ್ನು ಕೊಟ್ಟವರು. ತಪ್ಪು ತೋರಿಸುವ ಬದಲು, ಪದಪಟ್ಟಿಯನ್ನು ಮುಂಚೆಯೇ ಒಮ್ಮೆ ನೋಡಿಕೊಡುತ್ತೇನೆ ಎನ್ನಿ.

ಹೇಳಿದರೂ ಸರಿಯಾಗದಿದ್ದರೆ

ಎರಡು ಸಲ ಹೇಳಿದ ಮೇಲೂ ಪದಪಟ್ಟಿಗಳಲ್ಲಿ ತಪ್ಪು ಬರುತ್ತಲೇ ಇದ್ದರೆ, ಸರಿ ಉತ್ತರಗಳಿಗೆ ಅಂಕ ಹೋಗುತ್ತಲೇ ಇದ್ದರೆ ಮುಖ್ಯ ಶಿಕ್ಷಕರ ಬಳಿ ಹೋಗುವುದು ಚಾಡಿಯಲ್ಲ. ದಿನಾಂಕ ಬರೆದ ಮೂರು ನಾಲ್ಕು ಪುಟಗಳ ನಕಲು ಇಟ್ಟುಕೊಳ್ಳಿ. ಮನವಿ ಚಿಕ್ಕದಿರಲಿ. ಶಿಕ್ಷಕರ ಮೇಲೆ ಕ್ರಮ ಕೇಳಬೇಡಿ. ಪದಪಟ್ಟಿಯನ್ನು ಹಂಚುವ ಮೊದಲು ಇನ್ನೊಬ್ಬರು ನೋಡಲಿ, ತರಗತಿಯಲ್ಲಿ ಒಂದು ನಿಘಂಟು ಇರಲಿ, ಹಿಂದೆ ಕಳೆದ ಅಂಕ ಸರಿಪಡಲಿ, ಇಷ್ಟನ್ನು ಕೇಳಿ. ಸರ್ಕಾರಿ ಶಾಲೆಯಾದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಅದರಲ್ಲಿ ಹೆಚ್ಚಿನವರು ಪೋಷಕರೇ. ಶಾಲೆಗೆ ಭೇಟಿ ಕೊಡುವ ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಶಿಕ್ಷಕರಿಗೆ ನೆರವಾಗಲೆಂದೇ ಇರುವವರು. ಅವರಿಗೆ ತಿಳಿಸಿದರೆ ತರಬೇತಿಯ ದಾರಿಯಲ್ಲಿ ಸರಿಹೋಗುವ ಸಾಧ್ಯತೆ ಹೆಚ್ಚು. ಕ್ಷೇತ್ರ ಶಿಕ್ಷಣಾಧಿಕಾರಿಯ ಬಾಗಿಲು ಕೊನೆಯದು.

ಕಾಸರಗೋಡಿನ ಪೋಷಕರ ಹೋರಾಟವನ್ನು ಇದರ ಜೊತೆ ಸೇರಿಸಬಾರದು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡವೇ ಬಾರದ ಶಿಕ್ಷಕರನ್ನು ನೇಮಿಸಿದಾಗ ತಂದೆತಾಯಿಯರು, ಮಕ್ಕಳು ಪ್ರತಿಭಟನೆಗೆ ಇಳಿದರು. ಅದು ಕಾಗುಣಿತದ ಪ್ರಶ್ನೆಯಲ್ಲ, ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಪಾಠ ಸಿಗುವ ಹಕ್ಕಿನ ಪ್ರಶ್ನೆ. ಅಲ್ಲಿ ದನಿ ಎತ್ತಲೇಬೇಕಿತ್ತು.

ಎಸ್‌ಎಸ್‌ಎಲ್‌ಸಿಯಲ್ಲಿ ಸರಿ ಉತ್ತರಕ್ಕೆ ಅಂಕ ಬಂದಿಲ್ಲ ಅನ್ನಿಸಿದರೆ ದಾರಿ ಬೇರೆ. ಫಲಿತಾಂಶದ ನಂತರ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ನೋಡಿ, ಆಮೇಲೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಕೊನೆಯ ದಿನಾಂಕಗಳು ಹತ್ತಿರ ಹತ್ತಿರ ಇರುತ್ತವೆ, ತಡಮಾಡಬೇಡಿ.

ಇಷ್ಟೆಲ್ಲ ಹೇಳುವಾಗ ಒಂದು ನೋವು ಹೇಳದೆ ಇರಲಾರೆ. ಇಂಗ್ಲಿಷ್ ಪದವೊಂದರಲ್ಲಿ ಅಕ್ಷರ ತಪ್ಪಿದರೆ ಅಂದೇ ಪ್ರಾಂಶುಪಾಲರ ಕೊಠಡಿಗೆ ನುಗ್ಗುವ ಪೋಷಕರು, ಕನ್ನಡ ನೋಟ್‌ಬುಕ್ಕಿನ ಪುಟ ಪುಟದಲ್ಲಿ ತಪ್ಪಿದ್ದರೂ ಅದನ್ನು ತೆರೆದು ನೋಡುವುದಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ರಾಜ್ಯದ ಶಾಲೆಗಳಲ್ಲಿ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯವಾಯಿತು. ಕಾಯ್ದೆ ಪುಸ್ತಕವನ್ನು ಬ್ಯಾಗಿನೊಳಗೆ ಇಡಿಸಬಲ್ಲದು. ವಾರಕ್ಕೊಮ್ಮೆ ಅದನ್ನು ಹೊರತೆಗೆದು ನೋಡಬೇಕಾದವರು ನಾವು.

ಮನೆಯ ಹತ್ತು ಪದ

ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಹತ್ತು ಪದದ ಉಕ್ತಲೇಖನ ನಡೆಯುತ್ತದೆ. ನಾನು ಹೇಳುತ್ತೇನೆ, ಮಗಳು ಬರೆಯುತ್ತಾಳೆ. ಮುಂದಿನ ವಾರ ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಜಾಕೊಬಿಯವರ ಸಂಶೋಧನೆ ಓದಿದ ಮೇಲೆ ಒಂದು ಅಭ್ಯಾಸ ಬಿಟ್ಟೆ: ಸರಿ ರೂಪದ ಪಕ್ಕ ತಪ್ಪು ರೂಪ ಬರೆದು ತೋರಿಸುವುದನ್ನು. ತಪ್ಪಿದ ಪದದ ಮೇಲೆ ಚೀಟಿ ಅಂಟಿಸಿ, ಚೀಟಿಯ ಮೇಲೆ ಸರಿ ಪದ ಬರೆಸುತ್ತೇನೆ. ಕಣ್ಣಿಗೆ ಬೀಳುವುದು ಒಂದೇ ರೂಪ.

ಸುಮ್ಮನೆ ಬಾಯಿಪಾಠಕ್ಕಿಂತ ಪದವನ್ನು ಬಿಡಿಸಿ ತೋರಿಸಿದರೆ ಬೇಗ ನಿಲ್ಲುತ್ತದೆ. ಶುಭ ಮತ್ತು ಆಶಯ ಸೇರಿ ಶುಭಾಶಯ. ಆಶಯದಲ್ಲಿ ಯಾವ ಶಕಾರ ಇದೆಯೋ ಇಲ್ಲೂ ಅದೇ. ಜಾತಿ ಮತ್ತು ಅತೀತ ಸೇರಿದಾಗ ಇಕಾರ ಹೋಗಿ ಯಕಾರ ಬರುತ್ತದೆ, ಅಕಾರ ಹಾಗೇ ಉಳಿಯುತ್ತದೆ, ಹಾಗಾಗಿ ಜಾತ್ಯತೀತ. ಕೋಟಿ ಮತ್ತು ಅಂತರ ಸೇರಿದರೂ ಹಾಗೆಯೇ ಕೋಟ್ಯಂತರ. ಲಕ್ಷಾಂತರದಲ್ಲಿ ದೀರ್ಘ ಇದೆಯಲ್ಲ ಎಂದು ಮಗಳು ಕೇಳಿದಳು. ಲಕ್ಷದ ಕೊನೆಯಲ್ಲಿ ಅಕಾರ, ಅಂತರದ ಮೊದಲಲ್ಲಿ ಅಕಾರ, ಎರಡು ಸೇರಿ ದೀರ್ಘವಾಯಿತು ಎಂದೆ. ಕಾಗದದ ಮೇಲೆ ಎರಡು ಸಲ ಬಿಡಿಸಿ, ಕೂಡಿಸಿ ನೋಡಿದಳು. ಈ ವಾರದ ಪಟ್ಟಿಯನ್ನು ಅವಳು ಮಾಡಿದ್ದಾಳೆ. ಮೊದಲ ಪದ 'ಆಶೀರ್ವಾದ', ಎರಡನೆಯದು 'ಮಧ್ಯಾಹ್ನ'. ಉಳಿದ ಎಂಟನ್ನು ನನಗೆ ತೋರಿಸಿಲ್ಲ.